ನಾಮಬಲದ ಭ್ರಮೆ

ಕನ್ನಡದ ಪುಸ್ತಕ ಪ್ರಕಾಶಕರು, ಸಾಹಿತ್ಯ ಸಂಘಗಳವರು, ಕಾಲೇಜುಗಳ ಆಡಳಿತ ಮಂಡಲಿಯವರು ಜಾಲತಾಣವೊಂದನ್ನು ತೆರೆಯಬೇಕೆಂದು ಹೊರಟಾಗ ಅದರಲ್ಲಿ ಏನನ್ನು ಇಡಬೇಕು ಎಂದು ಕೇಳುವವರು ವಿರಳ. ಯಾವ ಹೆಸರಿಟ್ಟರೆ ಗೂಗಲ್ಲಿನಲ್ಲಿ ಮೊದಲು ಬರುತ್ತದೆ ಎಂದು ಕೇಳುವವರೇ ಎಲ್ಲರೂ. ಈ ಪ್ರಶ್ನೆಗೆ ಉತ್ತರ ಹೇಳುವುದನ್ನೇ ಕಸುಬಾಗಿ ಮಾಡಿಕೊಂಡವರೂ ಹುಟ್ಟಿಕೊಂಡಿದ್ದಾರೆ. "ಸ್ವಾಮಿ, ನಿಮ್ಮ ಸಂಘದ ಹೆಸರು ಬೇಡ; ಜನ ಹುಡುಕುವ ಮಾತುಗಳನ್ನೇ ಪೋಣಿಸಿ ಹೆಸರು ಮಾಡಿ. ಬುಕ್ಸ್ ಎಂಬುದು ಇರಲಿ, ಆನ್‌ಲೈನ್ ಎಂಬುದು ಇರಲಿ, ಬೆಸ್ಟ್ ಎಂಬುದಂತೂ ಇರಲೇಬೇಕು" ಎಂದು ಇವರ ಉಪದೇಶ. ಹೆಸರಿನ ಕಾಗುಣಿತದಲ್ಲಿ ಒಂದು ಇಂಗ್ಲಿಷ್ ಅಕ್ಷರವನ್ನು ಹೆಚ್ಚಿಗೆ ಸೇರಿಸಿಕೊಂಡರೆ ಭಾಗ್ಯದ ಬಾಗಿಲು ತೆರೆಯುವುದೆಂದು ಹೇಳುವ ಸಂಖ್ಯಾಶಾಸ್ತ್ರದವರಿಗೂ ಇವರಿಗೂ ಭೇದ ಬಹಳವಿಲ್ಲ. ಅವರು ಗ್ರಹಗಳ ಮೇಲೆ ಭಾರ ಹಾಕುತ್ತಾರೆ. ಇವರು ಯಂತ್ರದ ಮೇಲೆ ಹಾಕುತ್ತಾರೆ. ದಕ್ಷಿಣೆ ಮಾತ್ರ ಇಬ್ಬರಿಗೂ ಸಲ್ಲುತ್ತದೆ.

ನಾಮದ ಬಲವನ್ನು ನಮ್ಮ ದಾಸರು ಬಗೆಬಗೆಯಾಗಿ ಕೊಂಡಾಡಿದ್ದಾರೆ. ಅದು ಹರಿನಾಮದ ಮಾತು. ಡಾಟ್ ಕಾಂ ನಾಮಕ್ಕೂ ಅದೇ ಮಹಿಮೆಯನ್ನು ಅಂಟಿಸಿದರೆ ಅದು ಭಕ್ತಿಯೂ ಆಗದು, ಶಾಸ್ತ್ರವೂ ಆಗದು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಸರು ತಾಣವನ್ನು ಮುಂದಕ್ಕೆ ತರುವುದಿಲ್ಲ, ತಾಣವೇ ತನ್ನ ಹೆಸರನ್ನು ಮುಂದಕ್ಕೆ ತರುತ್ತದೆ. ಇದನ್ನು ತಿಳಿಯದೆ ನಮ್ಮ ಸಂಸ್ಥೆಗಳು ಫಲಕಕ್ಕೆ ಬಣ್ಣ ಬಳಿಯುವುದರಲ್ಲಿಯೇ ಮಗ್ನವಾಗಿರುವಾಗ, ಒಳಗಿರುವ ಕನ್ನಡ ಬರವಣಿಗೆ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತಿದೆ. ನನಗೆ ಸಂಕಟವಾಗುವುದು ಈ ಎರಡನೆಯ ಸಂಗತಿಗೆ.

ಡೊಮೈನ್ ಹೆಸರು ಎಂಬುದು ಯಾವುದಕ್ಕಾಗಿ ಹುಟ್ಟಿತು ಎಂಬುದನ್ನು ನೋಡೋಣ. ಅಂತರ್ಜಾಲಕ್ಕೆ ಸೇರಿದ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳ ವಿಳಾಸದಿಂದ. ಅಂಕಿಗಳ ಸಾಲನ್ನು ಮನುಷ್ಯನು ನೆನಪಿನಲ್ಲಿಡಲಾರ. ಆದಕಾರಣ 1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ಎಂಬವರು ಅಂಕಿಗಳಿಗೆ ಬದಲಾಗಿ ಹೆಸರುಗಳನ್ನು ಬಳಸುವ ಏರ್ಪಾಟೊಂದನ್ನು ರೂಪಿಸಿದರು. ಡಾಟ್ ಕಾಂ ಎಂದು ಮುಗಿಯುವ ಮೊದಲನೆಯ ಹೆಸರು ನೋಂದಣಿಯಾದದ್ದು 1985ರ ಮಾರ್ಚಿಯಲ್ಲಿ. ಮನೆಯ ಬಾಗಿಲಿಗೆ ಹೊಡೆದ ಫಲಕಕ್ಕೆ ಎಷ್ಟು ಕೆಲಸವೋ ಇದಕ್ಕೂ ಅಷ್ಟೇ ಕೆಲಸ. ಬಂದವರಿಗೆ ಮನೆ ಗುರುತಾಗಬೇಕು. ಫಲಕವನ್ನು ನೋಡಿ ಮನೆಯೊಳಗಿನ ಅಡುಗೆಯ ರುಚಿಯನ್ನು ನಿರ್ಣಯಿಸುವವರು ಯಾರೂ ಇಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಎಲ್ಲ ಮೂಢನಂಬಿಕೆಗಳಂತೆ ಇದರ ಬುಡದಲ್ಲಿಯೂ ಒಂದಾನೊಂದು ಕಾಲದ ಸತ್ಯವಿದೆ. 1994ರಲ್ಲಿ ಯಾಹೂ ಆರಂಭವಾದಾಗ ಅದು ತಾಣಗಳ ಒಂದು ಸೂಚಿಯಾಗಿತ್ತು. ವಿಷಯವಾರಾಗಿ ವಿಂಗಡಿಸಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತಿದ್ದರು. ಅಂಥ ಪಟ್ಟಿಯಲ್ಲಿ 'ಎ' ಅಕ್ಷರದವನು ಮೇಲೆ, 'ಝಡ್' ಅಕ್ಷರದವನು ಕೆಳಗೆ. ಜೆಫ್ ಬೆಜೋಸ್ ತಮ್ಮ ಪುಸ್ತಕದ ಅಂಗಡಿಗೆ ಅಮೆಜಾನ್ ಎಂಬ ಹೆಸರನ್ನು ಆರಿಸಿಕೊಂಡದ್ದಕ್ಕೆ ಈ ಅಕಾರಾದಿಯ ಲೆಕ್ಕಾಚಾರವೂ ಒಂದು ಕಾರಣ. ಅಂದು ಹೆಸರಿಗೆ ಬೆಲೆಯಿತ್ತು, ಸರಿ. ಟೆಲಿಫೋನ್ ಡೈರೆಕ್ಟರಿಯಲ್ಲಿ ಮೊದಲು ಬರಬೇಕೆಂದು ಅಂಗಡಿಯ ಹೆಸರಿನ ಮುಂದೆ ಮೂರು 'ಎ' ಸೇರಿಸಿಕೊಳ್ಳುವಂಥ ಬುದ್ಧಿ ಅದು. ಆದರೆ ಯಾಹೂ ಸೂಚಿಯನ್ನು 2014ರ ಕೊನೆಯಲ್ಲಿ ಮುಚ್ಚಿಯೂ ಆಯಿತು. ಸೂಚಿ ಹೋಯಿತು, ಅದರ ಕಾಲದ ನಂಬಿಕೆ ಮಾತ್ರ ಉಳಿಯಿತು.

ಈ ನಡುವೆ 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ತತ್ತ್ವ ವಿದ್ವಾಂಸರಿಗೆ ಹೊಸದಲ್ಲ. ಒಂದು ಗ್ರಂಥವನ್ನು ಬೇರೆ ಗ್ರಂಥಕಾರರು ಎಷ್ಟು ಮಂದಿ ಉಲ್ಲೇಖಿಸುತ್ತಾರೆ, ಉಲ್ಲೇಖಿಸುವವರ ಯೋಗ್ಯತೆ ಏನು ಎಂಬುದರಿಂದ ಆ ಗ್ರಂಥದ ಗೌರವವನ್ನು ಅಳೆಯುವಂತೆ, ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಗಳಿಂದ ಅದರ ಸ್ಥಾನವನ್ನು ಅಳೆಯುವುದು. ಕವಿರಾಜಮಾರ್ಗವನ್ನು ಬಿಟ್ಟು ಕನ್ನಡ ಸಾಹಿತ್ಯ ಚರಿತ್ರೆಯನ್ನು ಯಾರೂ ಬರೆಯಲಾರರು. ಆದರೆ ಆ ಗ್ರಂಥದ ಹೆಸರಿನಲ್ಲಿ 'ಕನ್ನಡ' ಎಂಬ ಮಾತೇ ಇಲ್ಲ. ಕೇಶಿರಾಜನ ಶಬ್ದಮಣಿದರ್ಪಣದ ಹೆಸರಿನಲ್ಲಿ 'ವ್ಯಾಕರಣ' ಎಂಬ ಮಾತಿಲ್ಲ. ಇಂದಿನ ಸಲಹೆಗಾರರು ಕೇಶಿರಾಜನ ಬಳಿ ಹೋಗಿದ್ದರೆ, "ಅಯ್ಯಾ, ಮಣಿಯೂ ಬೇಡ, ದರ್ಪಣವೂ ಬೇಡ, 'ಅತ್ಯುತ್ತಮ ಕನ್ನಡ ವ್ಯಾಕರಣ' ಎಂದಿಡು" ಎಂದು ಬೋಧಿಸುತ್ತಿದ್ದರೋ ಏನೋ!

ಈ ಹೊಸ ಪದ್ಧತಿಯಲ್ಲಿಯೂ ಕೆಲವು ವರ್ಷ ಒಂದು ಸಂದು ಉಳಿದಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೊಂಡಿಯನ್ನು ಕೊಡುವಾಗ ಜನ ಎಷ್ಟೋ ವೇಳೆ ತಾಣದ ಹೆಸರನ್ನೇ ಬರೆದು ಕೊಂಡಿ ಮಾಡುತ್ತಾರೆ. ಕೊಂಡಿಯ ಮಾತುಗಳನ್ನು ಯಂತ್ರವು ಆ ತಾಣದ ವರ್ಣನೆಯೆಂದು ಎಣಿಸುತ್ತದೆ. ಆದುದರಿಂದ 'ಅಗ್ಗದ ವಿಮಾನ ಟಿಕೆಟ್' ಎಂಬುದೇ ತಾಣದ ಹೆಸರಾಗಿದ್ದರೆ, ಕೊಂಡಿ ಕೊಟ್ಟವರೆಲ್ಲ ತಮಗರಿವಿಲ್ಲದೆಯೇ ಅವನ ಪರವಾಗಿ ಸಾಕ್ಷಿ ನುಡಿದಂತಾಗುತ್ತಿತ್ತು. ಹುಡುಕುವ ಮಾತನ್ನೇ ಹೆಸರಾಗಿ ಕೊಂಡವರಿಗೆ ಹೀಗೆ ದುಡಿಯದೆ ಲಾಭ ಬಂದಿತು. ಇಂಥ ಹೆಸರುಗಳ ಹಿಂದೆ ಹುರುಳಿಲ್ಲದ ತಾಣಗಳು ಅಣಬೆಗಳಂತೆ ಎದ್ದವು.

ಈ ಹಬ್ಬ ಮುಗಿದು ಬಹಳ ಕಾಲವಾಯಿತು. 2012ರ ಸೆಪ್ಟೆಂಬರಿನಲ್ಲಿ ಗೂಗಲ್ಲಿನ ಮ್ಯಾಟ್ ಕಟ್ಸ್ ಒಂದು ಪ್ರಕಟಣೆ ಹೊರಡಿಸಿದರು. ಹುಡುಕುವ ಮಾತಿಗೆ ಹೆಸರು ತದ್ವತ್ತಾಗಿ ಹೊಂದಿದ್ದು, ಒಳಗೆ ಗುಣವಿಲ್ಲದ ತಾಣಗಳನ್ನು ಫಲಿತಾಂಶಗಳಲ್ಲಿ ತಗ್ಗಿಸಲಾಗುವುದೆಂದೂ, ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ನೂರಕ್ಕೆ 0.6ರಷ್ಟರಲ್ಲಿ ಇದರ ಪರಿಣಾಮ ಎದ್ದು ಕಾಣುವುದೆಂದೂ ಅದರಲ್ಲಿತ್ತು. 2015ರಲ್ಲಿ ಹೊಸಹೊಸ ಬಾಲಗಳುಳ್ಳ ಹೆಸರುಗಳು ಮಾರಾಟಕ್ಕೆ ಬಂದಾಗ, ಹೆಸರಿನ ಬಾಲದಲ್ಲಿ ಯಾವ ಮಾತಿದ್ದರೂ ಅದರಿಂದ ಸ್ಥಾನಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲವೆಂದು ಅದೇ ಸಂಸ್ಥೆ ಸ್ಪಷ್ಟಪಡಿಸಿತು. ತಾಣಗಳ ಒಡೆಯರಿಗಾಗಿ ಅದು ಪ್ರಕಟಿಸಿರುವ ಪ್ರಾರಂಭದ ಕೈಪಿಡಿಯಲ್ಲಿ, ಹೆಸರಿನಲ್ಲಿರುವ ಮಾತುಗಳಿಂದಲೇ ಸ್ಥಾನದ ಮೇಲೆ ಆಗುವ ಪರಿಣಾಮ ಇಲ್ಲವೆನ್ನುವಷ್ಟು ಅಲ್ಪವೆಂದು ಹೇಳಿದೆ. ನ್ಯಾಯಾಧೀಶನೇ ಎದ್ದುನಿಂತು, "ನಾನು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ" ಎಂದು ಹೇಳಿದ ಮೇಲೂ ದಲ್ಲಾಳಿಯ ಮಾತನ್ನು ನಂಬುವ ಕಕ್ಷಿಗಾರರಿಗೆ ಏನೆನ್ನೋಣ?

ಸಂಸ್ಥೆಯ ಮಾತನ್ನು ನಂಬಬೇಕಾಗಿಲ್ಲ ಎನ್ನುವವರು ಪ್ರತ್ಯಕ್ಷವನ್ನು ನೋಡಬಹುದು. 'ಗೂಗಲ್' ಎಂಬ ಹೆಸರಿನಲ್ಲಿ ಹುಡುಕಾಟವೆಂಬ ಅರ್ಥವೇ ಇಲ್ಲ. ಒಂದರ ಮುಂದೆ ನೂರು ಸೊನ್ನೆಗಳಿರುವ ಸಂಖ್ಯೆಗೆ ಗಣಿತದಲ್ಲಿರುವ ಹೆಸರನ್ನು ಕಾಗುಣಿತ ತಪ್ಪಿಸಿ ಬರೆದದ್ದು ಅದು. ಇಂದು ಹುಡುಕುವುದಕ್ಕೆ 'ಗೂಗಲ್ ಮಾಡು' ಎನ್ನುವಷ್ಟು ಆ ಹೆಸರು ಬೆಳೆದಿದೆ. ಮಾತು ವಸ್ತುವನ್ನು ಬೆಳೆಸಿತೋ, ವಸ್ತು ಮಾತನ್ನು ಬೆಳೆಸಿತೋ? ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಇದೆ. 2019ರಲ್ಲಿ 'ವಾಯ್ಸ್ ಡಾಟ್ ಕಾಂ' ಎಂಬ ಒಂದೇ ಹೆಸರು 3 ಕೋಟಿ ಡಾಲರಿಗೆ ಮಾರಾಟವಾಯಿತು. ಆ ಹೆಸರಿನಲ್ಲಿ ಹೊರಟ ಸಾಮಾಜಿಕ ಜಾಲ ನೆಲೆ ನಿಲ್ಲಲಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ನಮ್ಮ ಹಿರಿಯರದು. ಅದಕ್ಕೆ ಇದಕ್ಕಿಂತ ದುಬಾರಿಯಾದ ಉದಾಹರಣೆ ಸಿಕ್ಕಲಾರದು.

ಕನ್ನಡದ್ದೇ ದೃಷ್ಟಾಂತ ಬೇಕೆಂದರೆ ಕನ್ನಡ ವಿಕಿಪೀಡಿಯ ಇದೆ. 2003ರಲ್ಲಿ ಆರಂಭವಾದ ಈ ವಿಶ್ವಕೋಶದ ತಾಣದ ಹೆಸರಿನಲ್ಲಿ ಕನ್ನಡವನ್ನು ಸೂಚಿಸುವುದು 'ಕೆ, ಎನ್' ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಮಾತ್ರ. ಕವಿಯ ಹೆಸರಾಗಲಿ, ನದಿಯ ಹೆಸರಾಗಲಿ, ಊರಿನ ಹೆಸರಾಗಲಿ ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಇಷ್ಟಾದರೂ ನನ್ನ ವಿದ್ಯಾರ್ಥಿಗಳು ಪಂಪನನ್ನೋ ತುಂಗಭದ್ರೆಯನ್ನೋ ಕನ್ನಡ ಅಕ್ಷರಗಳಲ್ಲಿ ಹುಡುಕಿದರೆ ಆ ವಿಶ್ವಕೋಶದ ಪುಟವೇ ಮುಂಚೂಣಿಯಲ್ಲಿ ಬಂದು ನಿಲ್ಲುತ್ತದೆ. ಆ ಪುಟಗಳ ವಿಳಾಸವಾದರೂ ಎಂಥದು! 'ಕುವೆಂಪು' ಎಂಬ ಮಾತನ್ನು ಕೊಂಡಿಯಾಗಿ ನಕಲು ಮಾಡಿ ಅಂಟಿಸಿದರೆ ಶೇಕಡಾ ಗುರುತು, ಇಂಗ್ಲಿಷ್ ಅಕ್ಷರ, ಅಂಕಿ ಇವೆಲ್ಲ ಕಲಸಿಹೋದ 63 ಚಿಹ್ನೆಗಳ ಸಾಲಾಗಿ ಬೀಳುತ್ತದೆ. ಇದಕ್ಕಿಂತ ವಿಕಾರವಾದ ಹೆಸರುಂಟೆ? ಆದರೂ ಯಂತ್ರ ಅದನ್ನು ತಳ್ಳುವುದಿಲ್ಲ. ಒಳಗೆ ಓದಬಲ್ಲ ಕನ್ನಡವಿದೆ, ತಲೆಬರಹ ಸ್ಪಷ್ಟವಾಗಿದೆ, ಪುಟದಿಂದ ಪುಟಕ್ಕೆ ಕೊಂಡಿಗಳಿವೆ, ಹೊರಗಿನವರೂ ಅದನ್ನು ತೋರಿಸುತ್ತಾರೆ. ಅಷ್ಟೇ ಗುಟ್ಟು.

"ಹಾಗಾದರೆ ಪ್ರಜಾವಾಣಿ ಎಂದು ಹುಡುಕಿದರೆ ಆ ಹೆಸರಿನ ತಾಣವೇ ಮೊದಲು ಬರುವುದೇಕೆ?" ಎಂದು ಕೆಲವರು ಎದುರು ಹಾಕುತ್ತಾರೆ. ಬರದೆ ಏನು? ಹುಡುಕಿದವನಿಗೆ ಬೇಕಾದದ್ದೇ ಆ ಪತ್ರಿಕೆ. 1948ರಿಂದ ಜನ ಓದಿಕೊಂಡು ಬಂದ ಹೆಸರದು. ಅದರ ತಾಣ ಡಾಟ್ ಕಾಂ ಎಂದು ಮುಗಿಯುವುದೂ ಇಲ್ಲ, ಡಾಟ್ ನೆಟ್ ಎಂದು ಮುಗಿಯುತ್ತದೆ. ಅದರಿಂದ ಯಾವ ಕುಂದೂ ಬಂದಿಲ್ಲ. ಓದುಗರ ಮನಸ್ಸಿನಲ್ಲಿ ಗಳಿಸಿದ ಹೆಸರಿಗೂ ಅಂಗಡಿಯಲ್ಲಿ ಕೊಂಡ ಹೆಸರಿಗೂ ಇರುವ ಅಂತರವನ್ನು ಮರೆತವರು ಮಾತ್ರ ಈ ಪ್ರಶ್ನೆಯನ್ನು ಕೇಳುತ್ತಾರೆ.

ಹೆಸರಿಗೆ ಯಾವ ಪ್ರಯೋಜನವೂ ಇಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದ 'ಡಾಟ್ ಇನ್' 1989ರಿಂದ ಇದೆ. 2005ರಲ್ಲಿ ಅದು ಎಲ್ಲರಿಗೂ ಸುಲಭವಾಗಿ ದೊರೆಯುವಂತಾಯಿತು. ಅದನ್ನು ಇಟ್ಟುಕೊಂಡ ತಾಣ ಭಾರತದ ಓದುಗರಿಗಾಗಿ ಇದೆಯೆಂದು ಯಂತ್ರ ತಿಳಿಯುತ್ತದೆ. ಇಲ್ಲಿ ಹುಡುಕುವವರಿಗೆ ಅದನ್ನು ತೋರಿಸಲು ಅದು ಒಂದು ಸೂಚನೆ. ಆದರೆ ಅದು ದೇಶದ ಗುರುತೇ ಹೊರತು ಭಾಷೆಯ ಗುರುತಲ್ಲ. ಕನ್ನಡವನ್ನು ಯಂತ್ರ ಗುರುತಿಸುವುದು ಪುಟದಲ್ಲಿರುವ ಕನ್ನಡದಿಂದ. ಇನ್ನೊಂದು ಪ್ರಯೋಜನ ಮನುಷ್ಯರ ಕಡೆಯದು. ಹತ್ತು ಫಲಿತಾಂಶಗಳ ನಡುವೆ ಪರಿಚಿತವಾದ, ಸಭ್ಯವಾದ ಹೆಸರನ್ನು ಕಂಡರೆ ಓದುಗನು ಅದನ್ನು ಒತ್ತುತ್ತಾನೆ. 'ಬೆಸ್ಟ್', 'ಟಾಪ್', 'ನಂಬರ್ ಒನ್' ಎಂದು ಕೂಗುವ ಹೆಸರನ್ನು ಕಂಡರೆ ಅನುಮಾನಿಸುತ್ತಾನೆ. ಹೆಸರನ್ನು ಓದುಗನಿಗಾಗಿ ಇಡಿ ಎಂದು ನಾನು ಹೇಳುವುದು ಈ ಕಾರಣದಿಂದಲೇ. ದೇಶದ ಬಾಲವನ್ನು ಕೂಡ ಅತಿಯಾಗಿ ನಂಬಬೇಕಾಗಿಲ್ಲ. ಗೂಗಲ್ ತಾನೇ ಬೇರೆಬೇರೆ ದೇಶಗಳಿಗಾಗಿ ಇಟ್ಟುಕೊಂಡಿದ್ದ ಹೆಸರುಗಳನ್ನು ಕೈಬಿಟ್ಟು ಎಲ್ಲರನ್ನೂ ಒಂದೇ ಡಾಟ್ ಕಾಂ ವಿಳಾಸಕ್ಕೆ ಕಳುಹಿಸುವುದಾಗಿ 2025ರ ಏಪ್ರಿಲಿನಲ್ಲಿ ಪ್ರಕಟಿಸಿತು.

ಇನ್ನು ಎದುರು ಪಕ್ಷದಲ್ಲಿರುವ ನಮ್ಮವರ ಮಾತು. ಇವರು ಕನ್ನಡಾಭಿಮಾನಿಗಳು. ಕನ್ನಡ ಅಕ್ಷರಗಳಲ್ಲಿಯೇ ಹೆಸರಿಟ್ಟು 'ಡಾಟ್ ಭಾರತ' ಎಂದು ಕನ್ನಡದಲ್ಲಿ ಮುಗಿಸಿದರೆ ಗೂಗಲ್ ಕನ್ನಡಿಗರನ್ನು ಮೊದಲು ತಂದು ನಿಲ್ಲಿಸುವುದೆಂದು ಇವರ ಆಸೆ. 2011ರಲ್ಲಿ ಭಾರತದ ಹೆಸರು ಏಳು ಲಿಪಿಗಳಲ್ಲಿ ಅಂತರ್ಜಾಲದ ಮೂಲಪಟ್ಟಿಗೆ ಸೇರಿದಾಗ ತಮಿಳು ಇತ್ತು, ತೆಲುಗು ಇತ್ತು, ಕನ್ನಡ ಇರಲಿಲ್ಲ. ಅದು ಸೇರಿದ್ದು ಆಮೇಲೆ. ಸೇರಿದ್ದಕ್ಕೆ ನನಗೂ ಸಂತೋಷವಿದೆ. ಇಂಗ್ಲಿಷ್ ಅಕ್ಷರ ಓದಲಾರದ ಕನ್ನಡಿಗನಿಗೆ ತನ್ನ ಲಿಪಿಯಲ್ಲಿ ವಿಳಾಸ ಸಿಕ್ಕಬೇಕಾದದ್ದು ಅವನ ಹಕ್ಕು. ಆದರೆ ಹಕ್ಕನ್ನು ಗಾಳವನ್ನಾಗಿ ಮಾಡಿಕೊಳ್ಳಬಾರದು. ಪರದೆಯ ಮೇಲೆ ನಾವು ಕಾಣುವ ಕನ್ನಡದ 'ಭಾರತ' ಯಂತ್ರದೊಳಗೆ 'ಎಕ್ಸ್, ಎನ್', ಎರಡು ಅಡ್ಡಗೆರೆ, ಆಮೇಲೆ '2, ಎಸ್, ಸಿ, ಆರ್, ಜೆ, 9, ಸಿ' ಎಂಬ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಸಾಲಾಗಿಯೇ ಸಂಚರಿಸುತ್ತದೆ. ಯಂತ್ರ ಅದನ್ನು ಬಲ್ಲದು, ಇತರ ಹೆಸರುಗಳಂತೆಯೇ ನಡೆಸಿಕೊಳ್ಳುತ್ತದೆ. ವಿಶೇಷ ಮರ್ಯಾದೆಯೇನೂ ಇಲ್ಲ. ಒಳಗೆ ನಾಲ್ಕು ಸಾಲು ಕನ್ನಡವಿಲ್ಲದೆ ಹೊರಗೆ ಕನ್ನಡದ ಫಲಕ ಹಾಕುವುದು ನವೆಂಬರಿನ ಅಭಿಮಾನ. ಡಿಸೆಂಬರಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮಾತನ್ನು ಹೊಸೆದು ಹೆಸರಿಡುವವರ ಸಂಕಟ ಬೇರೆ. 'ಕೆ, ಎ, ಎಲ್, ಎ' ಎಂದು ಬರೆದರೆ ಅದು ಕಲೆಯೋ, ಕಾಲವೋ, ಕಳವೋ, ಕಾಳವೋ? ಹ್ರಸ್ವ ದೀರ್ಘಗಳ, ಲಕಾರ ಳಕಾರಗಳ ಭೇದವನ್ನು ಇಂಗ್ಲಿಷ್ ಲಿಪಿ ತಾಳದು. ಓದುಗನು ಪುಸ್ತಕವನ್ನು ಕನ್ನಡ ಲಿಪಿಯಲ್ಲಿ ಹುಡುಕುತ್ತಾನೆ. ಇವರು ಹುಡುಕುವ ಮಾತೆಂದು ಇಂಗ್ಲಿಷ್ ಲಿಪಿಯಲ್ಲಿ ಏನನ್ನೋ ತುರುಕಿರುತ್ತಾರೆ. ಅಂತೂ ಅಳತೆಯೂ ಬೇರೆ, ಅಂಗಿಯೂ ಬೇರೆ.

ಈಗ ನಿಜವಾದ ರೋಗಕ್ಕೆ ಬರೋಣ. ನಮ್ಮ ಎಷ್ಟೋ ಸಂಸ್ಥೆಗಳು ವರ್ಷಗಟ್ಟಲೆ ದುಡಿದು ಅಂತರ್ಜಾಲಕ್ಕೆ ಹಾಕಿರುವ ಲೇಖನ, ಸ್ಮರಣಸಂಚಿಕೆ, ಸಂಶೋಧನ ಪ್ರಬಂಧಗಳು ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿವೆ. ಹಳೆಯ ನುಡಿ ವಿನ್ಯಾಸದಲ್ಲಿ 'ಕನ್ನಡ' ಎಂದು ಬೆರಳಚ್ಚಿಸಿದರೆ ನಮ್ಮ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಆದರೆ ಕಡತದೊಳಗೆ ಇರುವುದು 'ಪಿ' ಎಂಬ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟು ಹೊತ್ತ 'ಎ', ಬ್ರಿಟಿಷರ ಪೌಂಡು ನಾಣ್ಯದ ಗುರುತು, ಜರ್ಮನರ ಒಂದು ಅಕ್ಷರ! ಯಂತ್ರ ಓದುವುದು ಈ ಪೌಂಡನ್ನೇ ಹೊರತು ಕನ್ನಡವನ್ನಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಈ ಹಳೆಯ ಕಡತಗಳನ್ನು ಪರಿವರ್ತಿಸುವ ಕೆಲಸಕ್ಕೆ ಕೈಹಾಕಿದವರು ಕೆಲವರೇ. ಇನ್ನು ಕೆಲವರು ಪುಟಗಳ ಛಾಯಾಚಿತ್ರ ತೆಗೆದು ಏರಿಸಿ ಕೈತೊಳೆದುಕೊಳ್ಳುತ್ತಾರೆ. ಮಸುಕಾದ ಚಿತ್ರದಿಂದ ಕನ್ನಡದ ಒತ್ತಕ್ಷರಗಳನ್ನು ಬಿಡಿಸಿ ಓದುವುದು ಯಂತ್ರಕ್ಕೆ ಸುಲಭವಲ್ಲ. ಅದಕ್ಕೆ ಕಾಣದ್ದು ಹುಡುಕುವವನಿಗೂ ಸಿಕ್ಕುವುದಿಲ್ಲ. ಹಳಗನ್ನಡದ ಒಂದು ಶಬ್ದದ ಮೇಲೆ ಬರೆದ ಒಳ್ಳೆಯ ಲೇಖನ ಅಲ್ಲಿಯೇ ಇದ್ದರೂ ವಿದ್ಯಾರ್ಥಿಗೆ ಸಿಕ್ಕದೆ, ಅವನು ಯಾರೋ ಅವಸರದಲ್ಲಿ ಗೀಚಿದ ನಾಲ್ಕು ಸಾಲನ್ನು ನಕಲು ಮಾಡಿಕೊಂಡು ಬರುತ್ತಾನೆ. ತಪ್ಪು ಅವನದೆ?

ಎರಡನೆಯ ರೋಗ ಹೆಸರನ್ನು ಬದಲಾಯಿಸುವ ಚಾಳಿ. ಹೊಸ ಕಾರ್ಯದರ್ಶಿ ಬಂದರೆ ಹೊಸ ಹೆಸರು, ಹೊಸ ಸಲಹೆಗಾರ ಬಂದರೆ ಇನ್ನೊಂದು. ಹಳೆಯ ವಿಳಾಸಕ್ಕೆ ಊರೂರಿನಿಂದ ಬಂದಿದ್ದ ಕೊಂಡಿಗಳೆಲ್ಲ ಬೀಗ ಹಾಕಿದ ಮನೆಯ ಮುಂದೆ ನಿಲ್ಲುತ್ತವೆ. ಮನೆ ಬದಲಾಯಿಸಿದವನು ಅಂಚೆ ಕಚೇರಿಗೆ ಹೊಸ ವಿಳಾಸ ಕೊಡುವಂತೆ, ಹಳೆಯ ಪುಟಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳುಹಿಸುವ ಏರ್ಪಾಟು ಅಂತರ್ಜಾಲದಲ್ಲಿಯೂ ಇದೆ. ಅದನ್ನು ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಇಟ್ಟಿರಬೇಕೆಂದು ಗೂಗಲ್ಲಿನ ಸಲಹೆ. ನಮ್ಮವರಿಗೆ ಅಷ್ಟು ಪುರುಸೊತ್ತಿಲ್ಲ.

ಮೂರನೆಯದು ಎಲ್ಲಕ್ಕಿಂತ ಘೋರವಾದದ್ದು. ಡೊಮೈನ್ ಹೆಸರನ್ನು ಯಾರೂ ಕ್ರಯಕ್ಕೆ ಪಡೆಯುವುದಿಲ್ಲ, ಗೇಣಿಗೆ ಪಡೆಯುತ್ತಾರೆ. ಒಂದು ವರ್ಷದಿಂದ ಹತ್ತು ವರ್ಷದ ವರೆಗೆ ಹಣ ಕಟ್ಟಿ, ಅವಧಿ ಮುಗಿದಾಗ ಮತ್ತೆ ಕಟ್ಟಬೇಕು. ಖಜಾಂಚಿ ಮರೆತರೆ, ಅಥವಾ ಹೆಸರು ಹಿಂದಿನ ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿದ್ದು ಅವರು ಊರು ಬಿಟ್ಟರೆ, ಹೆಸರು ಕೈತಪ್ಪುತ್ತದೆ. ಅಂಥ ಹೆಸರುಗಳಿಗಾಗಿ ಕಾದು ಕುಳಿತವರಿದ್ದಾರೆ. ಒಳ್ಳೆಯ ಕೆಲಸದಿಂದ ಒಂದು ಸಂಸ್ಥೆ ಗಳಿಸಿದ ಗೌರವವನ್ನು ಜೂಜಿನ ತಾಣಕ್ಕೆ ತಿರುಗಿಸಿಕೊಳ್ಳುವುದು ಅವರ ದಂಧೆ. ಈ ದುರ್ವ್ಯಾಪಾರವನ್ನು ಗೂಗಲ್ 2024ರ ಮಾರ್ಚಿಯಲ್ಲಿ ತನ್ನ ನಿಷೇಧಗಳ ಪಟ್ಟಿಗೆ ಸೇರಿಸಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಆ ದಲ್ಲಾಳಿಗಳು ಕೊಳ್ಳುವುದು ಅಕ್ಷರಗಳ ಸೊಗಸನ್ನಲ್ಲ, ಆ ಹೆಸರಿನ ಹಿಂದೆ ನಿಂತ ವರ್ಷಗಳ ಕೆಲಸವನ್ನು. ಹೆಸರಿಗೆ ಬೆಲೆ ಎಲ್ಲಿಂದ ಬರುತ್ತದೆಂಬುದು ಕಳ್ಳರಿಗೆ ತಿಳಿದಿದೆ. ಮನೆಯ ಯಜಮಾನರಿಗೆ ತಿಳಿದಿಲ್ಲ.

ಮಾಡಬೇಕಾದದ್ದು ಕಠಿನವೇನಲ್ಲ. ಸಂಸ್ಥೆಯ ಹೆಸರೇ ತಾಣದ ಹೆಸರಾಗಿರಲಿ. ಚಿಕ್ಕದಾಗಿ, ದೂರವಾಣಿಯಲ್ಲಿ ಹೇಳಿದರೂ ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಕನ್ನಡ ಲಿಪಿಯ ಹೆಸರನ್ನೂ ಪಡೆದು ಅದನ್ನು ಅದೇ ತಾಣಕ್ಕೆ ತಿರುಗಿಸಲಿ. ಅದು ಸಂಸ್ಥೆಯ ಖಾತೆಯಲ್ಲಿ ನೋಂದಣಿಯಾಗಲಿ. ಬಾಡಿಗೆ, ವಿದ್ಯುತ್ತುಗಳ ಜೊತೆಯಲ್ಲಿ ಅದರ ಶುಲ್ಕವೂ ಆಯವ್ಯಯ ಪಟ್ಟಿಯಲ್ಲಿ ಸೇರಲಿ. ಹೆಸರಿನ ಸಲಹೆಗಾರನಿಗೆ ಕೊಡುವ ಹಣವನ್ನು ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದು ಕರಡು ತಿದ್ದುವ ಇಬ್ಬರು ಎಂ.ಎ. ಪದವೀಧರರಿಗೆ ಕೊಡಲಿ. ಪ್ರತಿಯೊಂದು ಲೇಖನಕ್ಕೂ ಬೇರೆ ಪುಟ, ಸ್ಪಷ್ಟವಾದ ತಲೆಬರಹ, ಲೇಖಕರ ಹೆಸರು, ವರ್ಷ ಇರಲಿ. ಒಂದು ಸಂಸ್ಥೆಯವರು ಇನ್ನೊಂದು ಸಂಸ್ಥೆಯ ಒಳ್ಳೆಯ ಲೇಖನವನ್ನು ಕೊಂಡಿ ಕೊಟ್ಟು ಉಲ್ಲೇಖಿಸುವ ಔದಾರ್ಯವನ್ನು ಕಲಿಯಲಿ. ಯಂತ್ರವು ಎಣಿಸುವುದು ಅದನ್ನೇ; ವಿದ್ವತ್ತಿಗೆ ಶೋಭಿಸುವುದೂ ಅದೇ.

ಇಷ್ಟನ್ನು ಮಾಡಿದ ಮೇಲೂ ಸ್ಥಾನ ಹಿಂದೆ ಉಳಿದರೆ ಆಗ ಹೆಸರನ್ನು ದೂರಬಹುದು. ಮಾಡುವ ಮೊದಲೇ ದೂರುವುದು, ಬಿತ್ತದ ಹೊಲದಲ್ಲಿ ನಿಂತು ಮಳೆಯನ್ನು ಬೈದಂತೆ.